ಹೊಸ ಮಡಿಚುಚಾಕು: ಅಂಗಡಿಯ ಹರಿತ ನಂಬಬೇಡಿ, ಹದಿನೈದು ದಿನ ದುಡಿಸಿ ನೋಡಿ

ಜಾತ್ರೆಯ ಅಂಗಡಿಯಲ್ಲೋ ಪೇಟೆಯ ಹಾರ್ಡ್‌ವೇರ್ ಮಳಿಗೆಯಲ್ಲೋ ಕೊಂಡ ಮಡಿಚುವ ಚಾಕು ಮೊದಲ ದಿನ ಕಾಗದವನ್ನು ಗಾಳಿಯಲ್ಲೇ ಸೀಳುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದೇ ಚಾಕು ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲೂ ಒದ್ದಾಡುತ್ತದೆ. ಅಲಗು ಹಿಡಿಯೊಳಗೆ ಲೊಡಲೊಡ ಎನ್ನುತ್ತದೆ. ಕಬ್ಬಿನ ಹಾಲು ಇಳಿದ ತಿರುಗಣಿ ಬಿಗಿದುಕೊಂಡು, ಉಗುರು ಕಿತ್ತರೂ ತೆರೆಯುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೊಲ, ತೋಟ, ಕೊಟ್ಟಿಗೆಯ ಕೆಲಸಕ್ಕೆ ಚಾಕು ಇಟ್ಟುಕೊಳ್ಳುವವರಲ್ಲಿ ಈ ದೂರು ಸಾಮಾನ್ಯ. ಹೆಚ್ಚು ದುಡ್ಡು ಕೊಟ್ಟವರಿಗೂ ಇದು ತಪ್ಪಿದ್ದಲ್ಲ.

ಕಾರಣ ಸರಳ. ಕೊಳ್ಳುವಾಗ ನಾವು ನೋಡುವುದು ಎರಡನ್ನೇ: ಹೊಳಪು ಮತ್ತು ಆ ಕ್ಷಣದ ಹರಿತ. ಈ ಎರಡರಿಂದಲೂ ಚಾಕುವಿನ ಗುಣ ತಿಳಿಯುವುದಿಲ್ಲ. ಹೊಳಪು ಪಾಲಿಶ್ ಚಕ್ರದ ಕೆಲಸ. ಹರಿತವೆಂದರೆ ಬಾಯಿ ಎಷ್ಟು ತೆಳುವಾಗಿ ಮುಗಿದಿದೆ ಎಂಬುದಷ್ಟೆ. ಮೆದು ತಗಡನ್ನು ಮಸೆದರೂ ಒಂದು ಗಳಿಗೆ ಅದು ಕಾಗದ ಕೊಯ್ಯುತ್ತದೆ. ಕಾರ್ಖಾನೆಯವರು ಕೊಟ್ಟ ಬಾಯಿ ಹೋದ ಮೇಲೆ, ನೀವು ಸಾಣೆಗೆ ಹಿಡಿದು ಕೊಟ್ಟ ಬಾಯಿ ನಿಮ್ಮ ಕೆಲಸದಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಅದಕ್ಕೆ ಹದಿನೈದು ದಿನ ಬೇಕು. ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಬೇರೆಯೇ ಇದೆ, ಅದನ್ನೂ ಹೇಳುತ್ತೇನೆ.

ಬಾಯಿ ನಿಲ್ಲುವುದು ಹೇಗೆ

ಉಕ್ಕಿನ ವಿಷಯ ಈ ಸೀಮೆಗೆ ಹೊಸದಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಕಾಯಿಸುವ ರೀತಿಯನ್ನು ಕಂಡು ಬರೆದಿಟ್ಟ. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ, ಕುಲುಮೆಯಲ್ಲಿ ಉರಿಸುತ್ತಿದ್ದರು. ಕಡ್ಡಿ ಸುಟ್ಟು ಇದ್ದಿಲಾಗಿ, ಆ ಇಂಗಾಲ ಕಬ್ಬಿಣಕ್ಕೆ ಸೇರಿದಾಗ ಅದು ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಹಳದಿ ಹೂವಿನ ಆ ತಂಗಡಿ ನಾಗಮಂಗಲದ ಬಯಲಲ್ಲಿ ಇವತ್ತಿಗೂ ತಾನಾಗಿ ಬೆಳೆಯುತ್ತದೆ.

ಇಂಗಾಲ ಸೇರಿದ ಮಾತ್ರಕ್ಕೆ ಮುಗಿಯಲಿಲ್ಲ, ಹದ ಬೇಕು. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದರೆ ಉಕ್ಕು ಗಡಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಗಾಜಿನಂತೆ ಮುರಿಯುತ್ತದೆ. ಅದಕ್ಕೇ ಮತ್ತೆ ಹಿತವಾಗಿ ಕಾಯಿಸಿ ಗಡಸನ್ನು ಸ್ವಲ್ಪ ಇಳಿಸುತ್ತಾರೆ. ಹದ ಕಡಿಮೆಯಾದರೆ ಕೆಲಸದಲ್ಲಿ ಬಾಯಿ ತಿರುಗುತ್ತದೆ, ಅಂದರೆ ತುದಿಯಂಚು ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಹದ ಮೀರಿದರೆ ಬಾಯಿ ಮುಕ್ಕಾಗುತ್ತದೆ, ಸಣ್ಣ ಸಣ್ಣ ಹಲ್ಲು ಬೀಳುತ್ತವೆ. ಈ ಎರಡರ ವ್ಯತ್ಯಾಸ ಕುಡುಗೋಲು ಹಿಡಿದವರಿಗೆ ಗೊತ್ತು. ಹೊಸ ಚಾಕುವನ್ನೂ ಅದೇ ಕಣ್ಣಿನಿಂದ ನೋಡಿ.

ಕಾರ್ಖಾನೆಯವರು ಈ ಗಡಸುತನವನ್ನು ರಾಕ್‌ವೆಲ್ ಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ದಿನಬಳಕೆಯ ಜೇಬುಚಾಕುವಿಗೆ 56ರಿಂದ 60 ಒಳ್ಳೆಯ ಹದ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳು 56ರ ಆಸುಪಾಸಿನಲ್ಲಿರುತ್ತವೆ. ಬೇಗ ಮೊಂಡಾದರೂ ಯಾವ ಕಲ್ಲಿನ ಮೇಲಾದರೂ ಬೇಗನೆ ಹರಿತವಾಗಲಿ ಎಂಬುದು ಆ ಕಂಪನಿಯ ಲೆಕ್ಕ. 62 ದಾಟಿದ ಅಲಗು ಬಹಳ ದಿನ ಹರಿತ ಉಳಿಸಿಕೊಳ್ಳುತ್ತದೆ, ಆದರೆ ಮೊಂಡಾದ ದಿನ ಮನೆಯ ಕಲ್ಲಿಗೆ ಜಪ್ಪಯ್ಯ ಅನ್ನುವುದಿಲ್ಲ. ಊರಲ್ಲಿದ್ದು ಕೆಲಸ ಮಾಡುವವರು ಆ ಅಂಕಿಗೆ ಮರುಳಾಗಬೇಕಿಲ್ಲ.

ಗಡಸಿನಷ್ಟೇ ಮುಖ್ಯ ಅಲಗಿನ ಆಕಾರ. ಬೆನ್ನು 2ರಿಂದ 3 ಮಿಲಿಮೀಟರ್ ದಪ್ಪವಿದ್ದು, ಬಾಯಿಯ ಕಡೆಗೆ ಒಂದೇ ಸಮನೆ ತೆಳುವಾಗುತ್ತ ಬಂದರೆ ಅಂಥ ಅಲಗು ವಸ್ತುವಿನೊಳಗೆ ಸಲೀಸಾಗಿ ಇಳಿಯುತ್ತದೆ. ನಾಲ್ಕು ಮಿಲಿಮೀಟರ್ ಬೆನ್ನಿನ, ಕರಿಬಣ್ಣ ಬಳಿದ, ಸೈನಿಕರದ್ದೆಂದು ಮಾರುವ ಚಾಕುಗಳು ಗಟ್ಟಿಮುಟ್ಟಾಗಿ ಕಾಣುತ್ತವೆ. ಅವು ಗಜ್ಜರಿಯನ್ನು ಕೊಯ್ಯುವುದಿಲ್ಲ, ಸಿಗಿಯುತ್ತವೆ. ಬಾಯಿ ಎಷ್ಟೇ ಹರಿತವಿದ್ದರೂ ಹಿಂದಿನ ದಪ್ಪ ಅಡ್ಡ ಬರುತ್ತದೆ.

ನೀರಿನ ನೆಲಕ್ಕೊಂದು, ಒಣ ನೆಲಕ್ಕೊಂದು

ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಚಾಕು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಶ್ರೀರಂಗಪಟ್ಟಣ, ಪಾಂಡವಪುರದ ಬಹುಭಾಗ ಕನ್ನಂಬಾಡಿ ಕಟ್ಟೆಯ ನೀರು ಕುಡಿಯುವ ನೆಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು. ವರ್ಷದ ಅರ್ಧ ದಿನ ಕೈ ಒದ್ದೆ, ಮಣ್ಣು ಒದ್ದೆ. ಹೇಮಾವತಿ ಹರಿಯುವ ಕೆ.ಆರ್. ಪೇಟೆಯಲ್ಲಿ ನೀರಾವರಿಯೂ ಉಂಟು, ಮಳೆಯನ್ನೇ ನಂಬಿದ ಹೊಲವೂ ಉಂಟು. ನಾಗಮಂಗಲದಲ್ಲಿ ರಾಗಿ, ಹುರುಳಿ, ತೆಂಗು, ಕುರಿ. ಅಲ್ಲಿನ ಚಾಕುವಿಗೆ ನೀರಿಗಿಂತ ದೂಳು ಮತ್ತು ನಾರು ಹೆಚ್ಚು.

ನೀರಿನ ನೆಲದವರು ಸ್ಟೇನ್‌ಲೆಸ್ ಉಕ್ಕನ್ನೇ ಕೊಳ್ಳಿ. ಉಕ್ಕಿನಲ್ಲಿ ಕ್ರೋಮಿಯಂ ಶೇಕಡ 10.5ಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಜೊತೆಗೆ ತುಸು ಹುಳಿಯೂ ಇದೆ. ಅದು ಮಾಮೂಲಿ ಇಂಗಾಲದ ಉಕ್ಕಿನ ಮೇಲೆ ಒಂದು ರಾತ್ರಿ ನಿಂತರೆ ಕಲೆ ಬಿಡುತ್ತದೆ, ವಾರ ನಿಂತರೆ ಗುಳಿ ತೆಗೆಯುತ್ತದೆ.

ಒಣ ನೆಲದವರಿಗೆ ಇಂಗಾಲದ ಉಕ್ಕು ಚೆನ್ನಾಗಿ ಒಗ್ಗುತ್ತದೆ. ಮಸೆಯುವುದು ಸುಲಭ, ಬಾಯಿ ನುಣುಪಾಗಿ ಬರುತ್ತದೆ. ಫ್ರಾನ್ಸಿನ ಒಪಿನೆಲ್ ಎಂಬ ಮರದ ಹಿಡಿಯ ಚಾಕುವನ್ನು 1890ರಲ್ಲಿ ಬೆಟ್ಟದ ಸೀಮೆಯ ಕಮ್ಮಾರ ಮನೆತನವೊಂದು ರೈತರಿಗೆಂದೇ ಮಾಡಲು ಶುರುಮಾಡಿತು. ಇಂದಿಗೂ ಅದರ ಇಂಗಾಲದ ಉಕ್ಕಿನ ಮಾದರಿಯನ್ನು ಬಿಟ್ಟಿಲ್ಲ. ಬಳಸುತ್ತ ಹೋದಂತೆ ಇಂಥ ಅಲಗು ಕಪ್ಪಗೆ, ನೀಲಿಗಪ್ಪಾಗುತ್ತದೆ. ಅದು ತುಕ್ಕಲ್ಲ, ಉಜ್ಜಿ ತೆಗೆಯಬೇಡಿ. ಕೆಂಪಗೆ ಬಂದರೆ ಮಾತ್ರ ತುಕ್ಕು. ಆದರೆ ಹುಣಸೆಹಣ್ಣು, ನಿಂಬೆ ತಾಕಿದ ಕೂಡಲೆ ಒರೆಸಬೇಕು. ಮೇಲುಕೋಟೆಯ ಪುಳಿಯೋಗರೆ ಗೊಜ್ಜಿನ ಮನೆಗಳಲ್ಲಿ ಇಂಗಾಲದ ಚಾಕು ಬಾಳುವುದಿಲ್ಲ.

ಅಲಗಿನ ಬುಡದಲ್ಲಿ ಉಕ್ಕಿನ ಹೆಸರು ಕೊರೆದಿದೆಯೇ ನೋಡಿ. 420 ಎಂದಿದ್ದರೆ ಮೆದು, ಅಗ್ಗ, ತುಕ್ಕಿಗೆ ಗಟ್ಟಿ. 440ಸಿ, 8ಸಿಆರ್13, 14ಸಿ28ಎನ್ ಎಂದಿದ್ದರೆ ದಿನಬಳಕೆಗೆ ತಕ್ಕ ಉಕ್ಕು. ಡಿ2 ಬಹಳ ದಿನ ಹರಿತ ಉಳಿಸಿಕೊಳ್ಳುತ್ತದೆ. ಅದರಲ್ಲಿ ಕ್ರೋಮಿಯಂ ಇದ್ದರೂ ಸಾಕಷ್ಟು ಪಾಲು ಇಂಗಾಲದ ಜೊತೆ ಕಟ್ಟಿಕೊಂಡಿರುವುದರಿಂದ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಗದ್ದೆಯವರು ಹುಷಾರಾಗಿರಬೇಕು. ಬರೀ 'ಸ್ಟೇನ್‌ಲೆಸ್' ಎಂದಷ್ಟೇ ಬರೆದಿದ್ದರೆ ಮೆದು ಉಕ್ಕೆಂದು ಎಣಿಸಿ ಬೆಲೆ ಕಟ್ಟಿ. ಅಲೆಅಲೆಯಾದ ನಕ್ಷೆಯ 'ಡಮಾಸ್ಕಸ್' ಅಲಗು ಅಗ್ಗಕ್ಕೆ ಸಿಕ್ಕರೆ ಅದು ಬಹುತೇಕ ಮೇಲೆ ಅಚ್ಚೊತ್ತಿದ ಚಿತ್ತಾರ. ಉಜ್ಜುತ್ತ ಹೋದಂತೆ ಮಾಯವಾಗುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಹೇಮಗಿರಿಯ ದನಗಳ ಜಾತ್ರೆಯಲ್ಲಿರಲಿ, ಬೇಬಿ ಬೆಟ್ಟದ ಜಾತ್ರೆಯಲ್ಲಿರಲಿ, ಪೇಟೆಯಲ್ಲಿರಲಿ, ಈ ಕ್ರಮದಲ್ಲಿ ನೋಡಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಪೊಟ್ಟಣ ಬಿಚ್ಚಿದ ದಿನವೇ ಮಾಡಿ, ವಾಪಸು ಕಳಿಸುವ ಗಡುವು ದಾಟಿಸಬೇಡಿ.

1. ಮೊದಲು ಬೀಗ. ತೆರೆದ ಅಲಗು ತಾನಾಗಿ ಮಡಚಿಕೊಂಡರೆ ಬೆರಳು ಹೋಗುತ್ತದೆ. ಆದ್ದರಿಂದ ಮಿಕ್ಕ ಗುಣಗಳೆಲ್ಲ ಆಮೇಲೆ. ಚಾಕು ತೆರೆದು, ಬೆರಳುಗಳು ಅಲಗು ಮಡಚುವ ದಾರಿಗೆ ಸಿಗದಂತೆ ಹಿಡಿಯನ್ನು ಎರಡೂ ಪಕ್ಕದಿಂದ ಹಿಡಿದು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ. ನಿಧಾನಕ್ಕೆ ಒತ್ತಡ ಹೆಚ್ಚಿಸಿ. ಬೀಗ ಜಾರಿದರೆ ಅಲ್ಲೇ ಇಟ್ಟು ಬನ್ನಿ. ಬಡಿದು ನೋಡುವುದು ಬೇಡ, ಒಳ್ಳೆಯ ಬೀಗವೂ ಹೊಡೆತಕ್ಕೆ ಕೆಡುತ್ತದೆ. ಹಿಡಿಯೊಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುವ ಜಾತಿಯದಾದರೆ, ಆ ತಗಡು ಬುಡದ ಅಗಲದ ಮೂರನೇ ಒಂದರಿಂದ ಅರ್ಧದವರೆಗೆ ಬಂದು ನಿಂತಿರಬೇಕು. ಹೊಸದರಲ್ಲೇ ಆಚೆ ತುದಿ ಮುಟ್ಟಿದ್ದರೆ, ಸವೆದಾಗ ಹೋಗಲು ಅದಕ್ಕೆ ಜಾಗವಿಲ್ಲ. ಬೀಗವೇ ಇಲ್ಲದ, ಬರೀ ಬೆನ್ನಿನ ಸ್ಪ್ರಿಂಗಿನ ಮೇಲೆ ನಿಲ್ಲುವ ಚಾಕುಗಳೂ ಇವೆ. ಹಣ್ಣು ಹೆಚ್ಚಲು, ದಾರ ಕತ್ತರಿಸಲು ಅವು ಸಾಕು; ಚುಚ್ಚುವ ಕೆಲಸಕ್ಕೆ ಬೇಡ.

2. ಅಲುಗಾಟ. ಬಟ್ಟೆ ಸುತ್ತಿ ಅಲಗಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಈ ದಿಕ್ಕಿನ ಅಲುಗಾಟ ಬೀಗದ ದೋಷ, ರಿಪೇರಿಯಿಲ್ಲ. ಎಡಬಲಕ್ಕೆ ತುಸು ಅಲುಗಿದರೆ ತಿರುಗಣಿಯ ತಿರುಪು ಬಿಗಿದರೆ ಸರಿಹೋಗುತ್ತದೆ. ತಿರುಪಿನ ಬದಲು ಮೊಳೆ ಬಡಿದು ಕೂರಿಸಿದ್ದರೆ ಆ ಸೌಲಭ್ಯವಿಲ್ಲ; ಎಡಬಲಕ್ಕೂ ಅಲುಗದ್ದನ್ನೇ ಆರಿಸಿ.

3. ಮಡಿಚಿದಾಗ ಅಲಗು ಹಿಡಿಯ ನಡುವೆ ಕೂರುತ್ತದೆಯೇ? ಒಂದು ಪಕ್ಕಕ್ಕೆ ಉಜ್ಜಿದರೆ ಪ್ರತಿ ಬಾರಿ ಮಡಿಚಿದಾಗಲೂ ಬಾಯಿ ಹೋಗುತ್ತದೆ.

4. ಮಡಿಚಿದ ಚಾಕುವನ್ನು ಜನರಿಂದ ದೂರ ಹಿಡಿದು ಕೆಳಮುಖವಾಗಿ ಎರಡು ಬಾರಿ ಜೋರಾಗಿ ಝಾಡಿಸಿ. ಅಲಗು ಹೊರಗೆ ಇಣುಕಿದರೆ ಅದು ಜೇಬಿಗೆ ಲಾಯಕ್ಕಲ್ಲ.

5. ಹಿಡಿ. ನಾಲ್ಕು ಬೆರಳೂ ಕೂರಬೇಕು. ತೋರುಬೆರಳಿನ ಮುಂದೆ, ಕೈ ಬಾಯಿಯ ಮೇಲೆ ಜಾರದಂತೆ ತಡೆಯುವ ಒಂದು ಗುಬುಟು ಇರಲೇಬೇಕು. ಅಂದಕ್ಕೆಂದು ನುಣ್ಣಗೆ ಪಾಲಿಶ್ ಮಾಡಿದ ಉಕ್ಕಿನ ಹಿಡಿ ಕಬ್ಬಿನ ಹಾಲು ಮೆತ್ತಿದ ಕೈಯಲ್ಲಿ ನಿಲ್ಲುವುದಿಲ್ಲ. ಗೀರುಗೀರಾದ ಫೈಬರ್ ಅಥವಾ ಮರದ ಹಿಡಿ ವಾಸಿ.

6. ಉದ್ದ ಮತ್ತು ತೂಕ. ಅಲಗು ಮೂರು ಇಂಚು, ತೂಕ 100 ಗ್ರಾಂ ಒಳಗೆ. ಪಂಚೆಯ ಕೆಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಅದಕ್ಕಿಂತ ಭಾರ ಹಾಕಿದರೆ ಜೇಬು ಜೋತು, ನಡೆವಾಗ ತೊಡೆಗೆ ಬಡಿಯುತ್ತದೆ. ಪ್ಯಾಂಟಿಗೆ ಸಿಕ್ಕಿಸುವ ಕ್ಲಿಪ್ ಅಲ್ಲಿ ಕೆಲಸಕ್ಕೆ ಬಾರದು, ದಾರ ಕಟ್ಟುವ ತೂತು ಇದ್ದರೆ ಒಳ್ಳೆಯದು. ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುವ ಹೆಂಗಸರಿಗೆ ಇನ್ನೂ ಚಿಕ್ಕದು, ಎರಡೂವರೆ ಇಂಚಿನದು, ಸಾಕು.

ಒಂದೇ ಕೈಯಲ್ಲಿ ತೆರೆಯುವ ಗುಬ್ಬಿ ಬೇಕೇ ಬೇಡವೇ ಎಂದು ಬಹಳ ಜನ ಕೇಳುತ್ತಾರೆ. ದನ ಕಟ್ಟುವವರಿಗೆ ಬೇಕು. ಕರುವಿನ ಕೊರಳಿಗೆ ಹಗ್ಗ ಸುತ್ತಿಕೊಂಡಾಗ ಒಂದು ಕೈ ಹಗ್ಗದ ಮೇಲಿರುತ್ತದೆ, ಹಲ್ಲಿನಲ್ಲಿ ಕಚ್ಚಿ ಚಾಕು ತೆರೆಯುವ ಹೊತ್ತಲ್ಲ ಅದು. ಉಳಿದವರಿಗೆ ಉಗುರು ಸಿಕ್ಕಿಸಿ ಎರಡು ಕೈಯಲ್ಲಿ ತೆರೆಯುವುದೇ ಕ್ಷೇಮ. ಅರ್ಧ ಬಾಯಿಗೆ ಕಕ್ಕು ಹಾಕಿದ ಚಾಕುಗಳು ಹಗ್ಗವನ್ನು ಚೆನ್ನಾಗಿ ಕೊಯ್ಯುತ್ತವೆ. ಆದರೆ ಆ ಹಲ್ಲುಗಳನ್ನು ಚಪ್ಪಟೆ ಕಲ್ಲಿನ ಮೇಲೆ ಮಸೆಯಲಾಗುವುದಿಲ್ಲ. ಒಂದು ವರ್ಷದ ನಂತರ ಅರ್ಧ ಅಲಗು ವ್ಯರ್ಥ. ಅಂಥದ್ದನ್ನು ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮನೆಗೆ ತಂದ ದಿನ

ಕಾರ್ಖಾನೆಯ ಎಣ್ಣೆ, ಪಾಲಿಶ್ ಪುಡಿ ಎಲ್ಲ ತಿರುಗಣಿಯಲ್ಲಿ ಉಳಿದಿರುತ್ತದೆ. ಬಿಸಿನೀರು, ಸೋಪಿನಲ್ಲಿ ತೊಳೆದು, ತೆರೆದಿಟ್ಟು, ಪೂರ್ತಿ ಒಣಗಿಸಿ. ತಿರುಗಣಿಗೆ ಒಂದು ತೊಟ್ಟು ಎಣ್ಣೆ ಬಿಡಿ. ಕಡ್ಲೆಕಾಯಿ ಎಣ್ಣೆ ಬೇಡ, ಕೆಲ ವಾರದಲ್ಲಿ ಅಂಟಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ ಸಣ್ಣ ಸೀಸೆ ತಂದಿಟ್ಟುಕೊಳ್ಳಿ. ಅದು ಹಳಸುವುದಿಲ್ಲ, ಹಣ್ಣು ಕೊಯ್ಯುವ ಅಲಗಿಗೆ ತಾಕಿದರೂ ಅಪಾಯವಿಲ್ಲ.

ಆಮೇಲೆ ಮಡಿಚಿದ ಚಾಕುವನ್ನೇ ಸೋಪಿನ ನೊರೆಯ ಕೈಯಲ್ಲಿ ಬಿಗಿಯಾಗಿ ಹಿಡಿದು ತಿರುಚಿ ನೋಡಿ. ಅಲಗು ಹೊರಗಿರಬಾರದು ಎಂಬುದು ನೆನಪಿರಲಿ. ಅಂಗೈಗೆ ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂದು ಈಗಲೇ ಗೊತ್ತಾಗುತ್ತದೆ.

ಹದಿನೈದು ದಿನದ ಕೆಲಸ

ಚಾಕುವನ್ನು ಕಾಗದ ಕೊಯ್ದು ಪರೀಕ್ಷಿಸುವುದು ಬಾಯಿ ಈಗ ಹೇಗಿದೆ ಎಂದು ತಿಳಿಯಲು ಮಾತ್ರ. ಬಾಯಿ ನಿಲ್ಲುತ್ತದೆಯೇ ಎಂದು ತಿಳಿಯಬೇಕಾದರೆ ನಡುವೆ ಕೆಲಸ ಕೊಡಬೇಕು. ಆದ್ದರಿಂದ ಪ್ರತಿ ಕೆಲಸಕ್ಕೂ ಮೊದಲು ಮತ್ತು ನಂತರ ಒಂದೇ ಬಗೆಯ ಕಾಗದ, ಹಳೆಯ ದಿನಪತ್ರಿಕೆಯಾದರೆ ಸರಿ, ಕೊಯ್ದು ಹೋಲಿಸಿ.

1. ನಾರಿನ ಹಗ್ಗ. ಹೆಬ್ಬೆರಳು ಗಾತ್ರದ ತೆಂಗಿನ ನಾರಿನ ಹಗ್ಗವನ್ನು ಮರದ ಮೇಲಿಟ್ಟು ಇಪ್ಪತ್ತು ಬಾರಿ ಕೊಯ್ಯಿರಿ. ನಾರಿನೊಳಗೆ ಸಣ್ಣ ಮರಳು ಕೂತಿರುತ್ತದೆ, ಬಾಯಿ ಸವೆಸಲು ಇದಕ್ಕಿಂತ ಕಠಿಣವಾದದ್ದು ಹೊಲದಲ್ಲಿ ಕಡಿಮೆ. ಮೊದಲ ಹತ್ತು ಕೊಯ್ತಕ್ಕೂ ಕೊನೆಯ ಹತ್ತಕ್ಕೂ ಕೈಗೆ ಎಷ್ಟು ಬಲ ಹೆಚ್ಚು ಬೇಕಾಯಿತು ಎಂದು ಗಮನಿಸಿ. ಇಪ್ಪತ್ತರ ನಂತರವೂ ಕಾಗದ ತೊಡರದೆ ಸೀಳಿದರೆ ಹದ ಒಳ್ಳೆಯದು. ನೈಲಾನ್ ಹಗ್ಗದಲ್ಲೂ ಮಾಡಿ. ಅದು ಸವೆಸುವುದಕ್ಕಿಂತ ಜಾರುತ್ತದೆ, ಅಲ್ಲಿ ಗೊತ್ತಾಗುವುದು ಬಾಯಿಯ ಕಚ್ಚುವ ಗುಣ.

2. ಕಬ್ಬು. ಒಂದು ಜಲ್ಲೆಯ ಸಿಪ್ಪೆ ಹೆರೆಯಿರಿ, ಗೆಣ್ಣುಗಳ ನಡುವೆ ಅಡ್ಡ ಕೊಯ್ಯಿರಿ. ಗೆಣ್ಣನ್ನು ಕಡಿಯಬೇಡಿ, ಅದು ಮಚ್ಚಿನ ಕೆಲಸ. ಕೊಯ್ದ ಚಾಕುವನ್ನು ತೊಳೆಯದೆ ಒಂದು ಗಂಟೆ ಬಿಟ್ಟು ತೆರೆದು ಮಡಿಚಿ ನೋಡಿ. ಹಾಲು ಒಣಗಿ ಬಿಗಿದಿರುತ್ತದೆ, ಅದು ಸಹಜ. ಬಿಸಿನೀರಿನಲ್ಲಿ ಅಲ್ಲಾಡಿಸಿದ ಕೂಡಲೆ ಬಿಡಬೇಕು. ಬಿಡದಿದ್ದರೆ, ಅಥವಾ ಹಿಡಿಯೊಳಗೆ ನೀರು ಹೋಗಲು, ಕಸ ಹೊರಬರಲು ಸಂದೇ ಇಲ್ಲದಿದ್ದರೆ, ಆಲೆಮನೆಯ ಸುತ್ತ ಓಡಾಡುವವರಿಗೆ ಅದು ತಕ್ಕ ಚಾಕುವಲ್ಲ. ಪಾಂಡವಪುರದ ಕಡೆಯವರಿಗೆ ಹಗ್ಗಕ್ಕಿಂತಲೂ ಇದೇ ದೊಡ್ಡ ಪರೀಕ್ಷೆ ಎನ್ನುತ್ತೇನೆ.

3. ತೆಂಗಿನ ಗರಿ. ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಪೊರಕೆಗೆ ಕಡ್ಡಿ ಹೆರೆಯುವುದು ಮನೆಮನೆಯ ಕೆಲಸ. ಗರಿಯ ಎರಡೂ ಪಕ್ಕ ಸೀಳಿ ಕಡ್ಡಿ ಉಳಿಸುವಾಗ ಬಾಯಿ ಒಂದೇ ಕೋನದಲ್ಲಿ ದೂರ ಓಡಬೇಕು. ದಪ್ಪ ಅಲಗು ಕಡ್ಡಿಯೊಳಗೆ ಇಳಿದು ಅದನ್ನೇ ತುಂಡರಿಸುತ್ತದೆ. ತೆಳು ಅಲಗು ಕಡ್ಡಿಯ ಮೈಯನ್ನು ಸವರಿಕೊಂಡು ಹೋಗುತ್ತದೆ. ಒಂದು ಹಿಡಿ ಪೊರಕೆಯಾಗುವಷ್ಟರಲ್ಲಿ ಅಲಗಿನ ಆಕಾರವೂ ಹಿಡಿಯ ಸುಖವೂ ಎರಡೂ ಗೊತ್ತಾಗುತ್ತವೆ. ಅಂಗೈಯಲ್ಲಿ ಬೊಬ್ಬೆ ಎಲ್ಲಿ ಎದ್ದಿತೋ ಹಿಡಿಯ ದೋಷ ಅಲ್ಲೇ.

4. ಚೀಲ. ಹೊಲಿದ ಗೊಬ್ಬರದ ಚೀಲದ ದಾರವನ್ನು ಮೊನೆಯಿಂದ ಎತ್ತಿ ಕೊಯ್ಯಲು ಬರುತ್ತದೆಯೇ? ಮೊನೆ ತೀರಾ ಮೊಂಡಾಗಿ ಇಳಿಮುಖವಾಗಿರುವ ಅಲಗಿನಲ್ಲಿ ಇದು ಕಷ್ಟ.

5. ಟೊಮೇಟೊ. ಒತ್ತದೆ, ಬರೀ ಎಳೆದಾಗ ಸಿಪ್ಪೆ ಕೊಯ್ದರೆ ಸರಿ.

ಇವುಗಳ ನಡುವೆ, ಸ್ಟೇನ್‌ಲೆಸ್ ಅಲಗಾದರೆ, ಬೇಕೆಂದೇ ಒಂದು ರಾತ್ರಿ ನಿಂಬೆರಸ ತಾಕಿಸಿ ಒರೆಸದೆ ಬಿಡಿ. 'ಸ್ಟೇನ್‌ಲೆಸ್' ಎಂದು ಹೇಳಿಕೊಂಡ ಅಲಗಿನಲ್ಲಿ ಬೆಳಗ್ಗೆ ಕೆಂಪು ಚುಕ್ಕೆ ಕಂಡರೆ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ.

ಸಾಣೆಗೆ ಹಿಡಿದಾಗ

ಹತ್ತನೆಯ ದಿನದ ಹೊತ್ತಿಗೆ, ಬಾಯಿ ಪೂರ್ತಿ ಹೋಗಿರದಿದ್ದರೂ, ಮಸೆಯಿರಿ. ಕಾರ್ಖಾನೆಯಲ್ಲಿ ಓಡುವ ಪಟ್ಟಿಗೆ ಹಿಡಿದು ಕ್ಷಣದಲ್ಲಿ ಮಸೆಯುವಾಗ ತೀರಾ ತೆಳುವಾದ ತುದಿಯಂಚು ಬಿಸಿಯಾಗಿ ಅಷ್ಟು ಭಾಗದ ಹದ ಇಳಿದಿರಬಹುದು. ಆ ಅಂಚು ಕಲ್ಲಿಗೆ ಸವೆದು ಹೋಗಿ ಒಳಗಿನ ಒಳ್ಳೆಯ ಉಕ್ಕು ಬಾಯಿಗೆ ಬಂದಾಗ ಕೆಲವು ಚಾಕುಗಳು ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಮೊದಲ ವಾರದಲ್ಲಿ ಬೇಗ ಮೊಂಡಾಯಿತೆಂದು ಬಿಸಾಡಬಾರದು ಎನ್ನುವುದು ಇದಕ್ಕೇ.

ಕೋನ ಹಿಡಿಯಲು ಒಂದು ಸುಲಭ ಲೆಕ್ಕವಿದೆ. ಅಲಗನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿ, ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಮೇಲೆತ್ತಿ. ಅಗಲ 2 ಸೆಂಟಿಮೀಟರ್ ಇದ್ದರೆ ಬೆನ್ನು 7 ಮಿಲಿಮೀಟರಿನಷ್ಟು ಮೇಲೇಳಬೇಕು. ಆಗ ಕೋನ ಸುಮಾರು 20 ಡಿಗ್ರಿ. ಹಗ್ಗ, ಕಡ್ಡಿ, ಕಬ್ಬಿಗೆ ಇದು ಸರಿ. ನಾಲ್ಕನೇ ಒಂದು ಭಾಗ ಎತ್ತಿದರೆ ಸುಮಾರು 15 ಡಿಗ್ರಿ. ಹಣ್ಣು, ತರಕಾರಿ, ಕಸಿ ಕಟ್ಟುವ ಕೆಲಸಕ್ಕೆ ಚಂದ, ಒರಟು ಕೆಲಸಕ್ಕೆ ಬೇಗ ತಿರುಗುತ್ತದೆ.

ಕಲ್ಲನ್ನು ಒದ್ದೆ ಮಾಡಿ ಒಂದೇ ಪಕ್ಕವನ್ನು ಮಸೆಯುತ್ತ, ಎದುರು ಪಕ್ಕದ ಅಂಚಿನುದ್ದಕ್ಕೂ ಬೆರಳಿಗೆ ಸಣ್ಣ ತರಿ ತಾಕುವವರೆಗೆ ಬಿಡಬೇಡಿ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿ, ಬಾಯಿಯುದ್ದಕ್ಕೂ ಅಲ್ಲ. ತರಿ ಬಂದರೆ ಆ ಪಕ್ಕ ಮುಗಿಯಿತು. ಇನ್ನೊಂದು ಪಕ್ಕ ಅಷ್ಟೇ ಮಸೆದು, ಕೊನೆಗೆ ಹಗುರವಾಗಿ ಎರಡೂ ಪಕ್ಕ ತಿರುಗಿಸುತ್ತ ತರಿ ಬಿಡಿಸಿ, ಹಳೆಯ ಚರ್ಮದ ಬೆಲ್ಟಿಗೆ ಹಿಂದೆಳೆದು ಒರೆಸಿ. ಸಾವಿರ ನಂಬರಿನ ಒಂದು ನೀರುಕಲ್ಲು ಮನೆಯಲ್ಲಿದ್ದರೆ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜುವ ಪ್ರಮೇಯವಿಲ್ಲ.

ಅರ್ಧ ಗಂಟೆ ಮಸೆದರೂ ತರಿ ಬರದಿದ್ದರೆ ಉಕ್ಕು ನಿಮ್ಮ ಕಲ್ಲಿಗೆ ಮೀರಿದ್ದು. ಎರಡು ನಿಮಿಷಕ್ಕೇ ದಪ್ಪ ತರಿ ಎದ್ದು, ಎಷ್ಟು ತಿರುಗಿಸಿದರೂ ಆ ಕಡೆಯಿಂದ ಈ ಕಡೆಗೆ ಬಾಗುವುದೇ ಹೊರತು ಉದುರದಿದ್ದರೆ ಉಕ್ಕು ಮೆದು. ಈಗ ಮತ್ತೆ ಹಗ್ಗದ ಪರೀಕ್ಷೆ ಮಾಡಿ. ಈ ಎರಡನೆಯ ಫಲಿತಾಂಶವೇ ಚಾಕುವಿನ ಯೋಗ್ಯತೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕರಟದಿಂದ ಕೊಬ್ಬರಿ ಮೀಟುವುದು ಮೊದಲನೆಯದು. ಚಾಕುವಿನ ಮೊನೆ ಮುರಿಯುವುದು ಹೆಚ್ಚಾಗಿ ಇದರಿಂದಲೇ. ಅಲಗು ಕೊಯ್ಯುವ ದಿಕ್ಕಿನಲ್ಲಿ ಎಷ್ಟು ಗಟ್ಟಿಯೋ, ಪಕ್ಕಕ್ಕೆ ಮೀಟಿದಾಗ ಅಷ್ಟೇ ದುರ್ಬಲ. ಡಬ್ಬದ ಮುಚ್ಚಳ ತೆಗೆಯುವುದೂ ಅಷ್ಟೆ.

ಕುಡುಗೋಲಿನ ಜೊತೆ ಚಾಕುವನ್ನೂ ಕುಲುಮೆಗೆ ಕೊಟ್ಟು 'ಹಣಿಸಿ ಕೊಡಿ' ಎನ್ನಬೇಡಿ. ಕುಡುಗೋಲಿನ ಉಕ್ಕಿನ ಹದ ಕಮ್ಮಾರರ ಕಣ್ಣಿಗೆ ಬಣ್ಣದಿಂದಲೇ ಗೊತ್ತು. ಸ್ಟೇನ್‌ಲೆಸ್ ಉಕ್ಕಿಗೆ ಬೇರೆ ಶಾಖ, ಬೇರೆ ಸಮಯ ಬೇಕು. ಬೆಂಕಿ ಕಂಡರೆ ಕಾರ್ಖಾನೆ ಕೊಟ್ಟ ಹದ ಹೋಯಿತು, ಹಿಡಿಯೂ ಕರಗಿತು. ಒಣ ಸಾಣೆಚಕ್ರಕ್ಕೆ ಕಿಡಿ ಹಾರುವಂತೆ ಹಿಡಿಸುವುದರಲ್ಲೂ ಇದೇ ಅಪಾಯ. ಅಂಚು ನೀಲಿಯಾದರೆ ಅಷ್ಟು ಭಾಗ ಕೆಟ್ಟಿತೆಂದು ಅರ್ಥ.

ಒದ್ದೆ ಚಾಕುವನ್ನು ಮಡಿಚಿ ಇಡುವುದು, ಎಳನೀರು ಕೆತ್ತುವುದು, ಪದೇಪದೇ ಸುಮ್ಮನೆ ತೆರೆದು ಮುಚ್ಚಿ ಬೀಗ ಸವೆಸುವುದು ಇವೂ ಇದೇ ಪಟ್ಟಿಗೆ ಸೇರುತ್ತವೆ.

ಎಚ್ಚರ

ಹಿಪ್ಪುನೇರಳೆ ಬೆಳೆಯುವ ಮನೆಯವರು ಇದನ್ನು ಗಮನಿಸಿ: ಕೀಟನಾಶಕದ ಪ್ಯಾಕೆಟ್ ಕತ್ತರಿಸಿದ ಚಾಕುವಿನಲ್ಲಿ ಸೊಪ್ಪು ಕೊಯ್ಯಬೇಡಿ. ಸೊಪ್ಪಿಗೆ ತಾಕಿದ ಅಲ್ಪ ವಿಷವೂ ರೇಷ್ಮೆಹುಳುವಿಗೆ ಸಾಕು, ಒಂದು ಬೆಳೆ ಹೋದೀತು. ಅದಕ್ಕೊಂದು, ಇದಕ್ಕೊಂದು ಚಾಕು ಇರಲಿ. ಔಷಧಿಯ ಚಾಕುವಿನಲ್ಲಿ ಹಣ್ಣು ಕೊಯ್ದು ಮಕ್ಕಳಿಗೆ ಕೊಡಬಾರದು ಎಂದು ಬೇರೆ ಹೇಳಬೇಕಿಲ್ಲ.

ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದರೆ ಜೇಬಿನ ಚಾಕು ತೆಗೆದು ಗಾಯ ಕೊಯ್ಯಬೇಡಿ, ರಕ್ತ ಹರಿಸಬೇಡಿ, ಬಿಗಿಯಾಗಿ ಕಟ್ಟಬೇಡಿ. ಆ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕೊಯ್ದ ಗಾಯದಿಂದ ರಕ್ತ ನಿಲ್ಲದೆ ಹರಿದು ಪ್ರಾಣಕ್ಕೆ ಕುತ್ತು ಬರುತ್ತದೆ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸುವುದೊಂದೇ ದಾರಿ. ಚಾಕುವಿನಿಂದಲೇ ಕೈ ಕೊಯ್ದುಕೊಂಡರೆ, ಕೊಟ್ಟಿಗೆಯ ಮಣ್ಣು ತಾಕಿದ ಅಲಗಾದರೆ, ಗಾಯ ಚಿಕ್ಕದಿದ್ದರೂ ಧನುರ್ವಾಯು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಇನ್ನು ಕಾನೂನು. 2016ರ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಲಾಗಿದೆ; ಮನೆಗೆಲಸ, ಬೇಸಾಯ, ವೈಜ್ಞಾನಿಕ, ಕೈಗಾರಿಕಾ ಬಳಕೆಗೆಂದು ಮಾಡಿದವಕ್ಕೆ ವಿನಾಯಿತಿಯಿದೆ. ಮೂರಿಂಚಿನ ಜೇಬುಚಾಕು ಆ ಅಳತೆಯಿಂದ ಬಹಳ ದೂರ. ಆದರೂ ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕು ಕೊಳ್ಳಬೇಡಿ. ದಿಲ್ಲಿಯಲ್ಲಿ 1980ರಲ್ಲೇ ಅಂಥವಕ್ಕೆ ಬೇರೆ ಅಧಿಸೂಚನೆ ಬಂದಿದೆ, ಯಾವ ಊರಿನ ಪೊಲೀಸರಿಗೂ ಅದು ಬೇಸಾಯದ ಸಾಧನವಾಗಿ ಕಾಣುವುದಿಲ್ಲ. ಚುನಾವಣೆ, ಗಲಭೆ, ನಿಷೇಧಾಜ್ಞೆಯ ದಿನಗಳಲ್ಲಿ ಆಯುಧ ಒಯ್ಯುವುದಕ್ಕೆ ಜಿಲ್ಲಾಡಳಿತ ನಿರ್ಬಂಧ ಹೇರುವುದುಂಟು. ಆಗ ಚಾಕು ಮನೆಯಲ್ಲಿರಲಿ. ಬೆಂಗಳೂರಿಗೆ ಹೊರಟಾಗಲೂ ಹಾಗೆಯೇ. ಮೆಟ್ರೊ ತಪಾಸಣೆಯಲ್ಲಿ ತಡೆಯುತ್ತಾರೆ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಒಪ್ಪಿಸುವ ಲಗೇಜಿನಲ್ಲಿ ಹಾಕಬೇಕು.

ಇಟ್ಟುಕೊಳ್ಳುವುದೋ ಹಿಂದಿರುಗಿಸುವುದೋ

ಹದಿನೈದು ದಿನದ ನಂತರ ಮೇಲ್ಮೈ ಗೀರು, ಇಂಗಾಲದ ಅಲಗಿನ ಕಪ್ಪು, ತೆರೆಯಲು ತುಸು ಬಿಗಿ, ಇವು ಯಾವುವೂ ದೋಷವಲ್ಲ. ಬಿಗಿ ತಾನಾಗಿ ಸಡಿಲವಾಗುತ್ತದೆ. ತಿರುಪು ಒಮ್ಮೆ ಸಡಿಲವಾದರೆ ತಿರುಪಿಗೆ ಹಾಕುವ ಅಂಟು ಒಂದು ತೊಟ್ಟು ಹಾಕಿ ಬಿಗಿಯಿರಿ. ಬೀಗ ಒಮ್ಮೆ ಜಾರಿದರೂ, ಮೇಲೆ ಕೆಳಗೆ ಅಲುಗಾಟ ಶುರುವಾದರೂ, ಸರಿಯಾಗಿ ಮಸೆದ ಮೇಲೂ ಹಗ್ಗದ ಇಪ್ಪತ್ತು ಕೊಯ್ತದೊಳಗೆ ಬಾಯಿ ತಿರುಗಿದರೂ ಅದನ್ನು ಹಿಂದಿರುಗಿಸಿ. ಬಳಸಿದ ಚಾಕುವನ್ನು ವಾಪಸು ತೆಗೆದುಕೊಳ್ಳಲು ಅಂಗಡಿಯವರು ಹಿಂಜರಿಯುತ್ತಾರೆ. ಆದ್ದರಿಂದ ಕೊಳ್ಳುವಾಗಲೇ ಬೀಗದ ದೋಷಕ್ಕೆ ಎಷ್ಟು ದಿನ ಬದಲಿ ಕೊಡುತ್ತೀರಿ ಎಂದು ಕೇಳಿ, ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಜಾತ್ರೆಯ ಅಂಗಡಿಯಲ್ಲಿ ಬಿಲ್ಲು ಸಿಗದಿದ್ದರೆ, ಅಂಗಡಿಯಲ್ಲಿ ನೋಡಬೇಕಾದ್ದರ ಪಟ್ಟಿಯ ಮೊದಲ ನಾಲ್ಕನ್ನು ಅಲ್ಲೇ, ಅಂಗಡಿಯವರ ಮುಂದೆಯೇ, ಮುಗಿಸಿದ ಮೇಲೆ ದುಡ್ಡು ಕೊಡಿ.